ಕೊನೆಯ ಹನ್ನೊಂದು ನಿಮಿಷ

ಸಾಲ್ಮಿಯಾದ ಥಿಯೇಟರಿನಲ್ಲಿ ಆ ಸಿನಿಮಾದ
ಕೊನೆಯ ಹನ್ನೊಂದು ನಿಮಿಷ
ನಾನು ಅರವತ್ತೆರಡು ಸಲ ನೋಡಿದ್ದೇನೆ.
ಕಸದ ಚೀಲ ಹಿಡಿದು, ಬಾಗಿಲಿಗೆ ಒರಗಿ
ನಾವು ನಾಲ್ವರು ಲೈಟು ಹತ್ತಲು ಕಾಯುತ್ತಿದ್ದೆವು.

ಪರದೆಯ ಮೇಲೂ ನಾಲ್ವರೇ.
ತೆರೆದ ಜೀಪು, ಬಲಕ್ಕೆ ಕಡಲು, ಕಾಲ ಬಳಿ ನೋಟಿನ ಮೂಟೆ;
ಒಬ್ಬಳು ನಕ್ಕರೆ ಉಳಿದವರಿಗೂ ಅಂಟುತ್ತಿತ್ತು.
ಆಮೇಲೆ ಹೆಸರುಗಳು. ಆಮೇಲೆ ನಾವು,
ಸೀಟಿನ ಸಂದಿಯಿಂದ ಪಾಪ್‌ಕಾರ್ನ್ ಹೆಕ್ಕುತ್ತಾ.

ಬ್ಯಾಂಕಿನ ಬೀಗ ಹೇಗೆ ತೆರೆದರೋ, ಕಂಡವರಲ್ಲ.
ಜಲೀಬಿನ ರೂಮಿನಲ್ಲಿ, ಅಂತಸ್ತಿನ ಮಂಚದಲ್ಲಿ, ಅದೇ ಜಗಳ.
ಹೇರ್‌ಪಿನ್ನು, ಎಂದಳು ಉಪ್ಪಿನಂಗಡಿಯ ಮಿಸ್ರಿಯಾ.
ಒಳಗೊಬ್ಬ ಗಂಡಸು ಇದ್ದಿರಬೇಕು, ಎಂದಳು ಕಡಪದ ಓಬುಲಮ್ಮ;
ಗಂಡಸರ ಮೇಲೆ ಅವಳಿಗೆ ಇನ್ನೂ ಅಷ್ಟು ನಂಬಿಕೆ.
ಸಿಲೋನಿನ ನಿಲ್ಮಿನಿ ಮಾತ್ರ ಗೋಡೆಗೆ ಮುಖ ಮಾಡಿ
ತನ್ನ ಮುರುಕು ಹಿಂದಿಯಲ್ಲಿ:
ಬೀಗ ಹಾಕಿಯೇ ಇರಲಿಲ್ಲ. ಮಲಗಿ.

ಸಂಬಳ ಕಾಣದೆ ನಾಲ್ಕನೇ ತಿಂಗಳು.
'ಬುಕ್ರಾ, ಬುಕ್ರಾ' ಎನ್ನುತ್ತಿದ್ದ ಮ್ಯಾನೇಜರು.
ನಾಳೆ ಬಾ.
ನಮ್ಮ ಕಡೆ ಇದನ್ನು ಬಾಗಿಲ ಮೇಲೆ ಬರೆಯುವುದು
ದೆವ್ವಕ್ಕೆ.

ಅವನ ಆಫೀಸು ಗುಡಿಸುವವರೂ ನಾವೇ,
ಕಬ್ಬಿಣದ ಕಪಾಟಿನ ಧೂಳು ನನ್ನ ಪಾಲು.
ಶುಕ್ರವಾರ, ಬೀದಿಯೆಲ್ಲ ನಮಾಜಿಗೆ ಹೋಗಿದ್ದ ಹೊತ್ತು
ಒದ್ದೆ ಬಟ್ಟೆಯ ಸಮೇತ ಹಿಡಿ ತಿರುಗಿಸಿದೆ.
ನಿಲ್ಮಿನಿ ಹೇಳಿದ್ದೇ ಸರಿ.

ಒಳಗೆ ರಬ್ಬರ್ ಬ್ಯಾಂಡು ಹಾಕಿದ ಪಾಸ್‌ಪೋರ್ಟುಗಳು,
ನಾನು ಊರಲ್ಲಿ ಕಟ್ಟುತ್ತಿದ್ದ ಬೀಡಿಯ ಹಾಗೆ
ಇಪ್ಪತ್ತೈದು ಇಪ್ಪತ್ತೈದರ ಕಟ್ಟು.
ಹಿಂದೆ ಹಣ.
ಓಬುಲಮ್ಮ ನೆಲದಲ್ಲಿ ಕೂತು ಎಣಿಸಿದಳು:
ತಲೆಗೆ ಎಪ್ಪತ್ತೈದು, ನಾಲ್ಕು ತಿಂಗಳು, ನಾಲ್ಕು ಜನ,
ಸಾವಿರದ ಇನ್ನೂರು ದಿನಾರು.
ಒಡೆದ ಬಕೆಟ್ಟಿಗೆಂದು ಎರಡು ವಾಪಸಿಟ್ಟಳು.
"ಹುಚ್ಚಿ, ಇದು ಕಳ್ಳತನ" ಅಂದೆ.
"ಆದರೇನು, ಲೆಕ್ಕ ಲೆಕ್ಕವೇ."

ನಗು ಬರಲಿಲ್ಲ. ಜೀಪೂ ಬರಲಿಲ್ಲ.
ಬಸ್ಸಿನಲ್ಲಿ ನಿಂತೇ ಹೋದೆವು.
ಮಿಸ್ರಿಯಾಳ ಪಾಸ್‌ಪೋರ್ಟಿನ ಅವಧಿ ಮುಗಿದು ಎರಡು ವರ್ಷ;
ಮುಚ್ಚಿದಳು, ತೆರೆದಳು, ಫೋಟೋದವಳನ್ನು ನೋಡಿ
"ಎಂಥಾ ಕೆನ್ನೆ ಇತ್ತು ಮಾರಾಯ್ತಿ ನನಗೆ" ಎಂದಳು.

ಎಂಟು ದಿನ ಫಹಾಹೀಲಿನ ಯಾರದೋ ಅಡುಗೆಮನೆಯಲ್ಲಿ ಅಡಗಿ,
ಒಂಬತ್ತನೆಯ ರಾತ್ರಿ ಮೂವರಿಗೆ ವಿಮಾನ,
ಅವಳಿಗೆ ಎಂಬಸಿಯ ಮೆಟ್ಟಿಲು.
ಅದಕ್ಕೆ ಮುಂಚೆ ನಾಲ್ಕು ಟಿಕೆಟು ಕೊಂಡೆವು,
ಬೀಗದ ಸಂಗತಿ ಮೊದಲಿಂದ ನೋಡಿಬಿಡುವ ಎಂದು.

ಸಿನಿಮಾ ಬದಲಾಗಿತ್ತು.
ದಾರಿ ತಪ್ಪಿದ ಕರಡಿಮರಿಯ ಕಾರ್ಟೂನು.
ಕೂತೆವು. ದಿನಾ ಒರೆಸಿದ ಕುರ್ಚಿ
ಇಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆಂದು ಗೊತ್ತಿರಲಿಲ್ಲ.
ಲೈಟು ಹತ್ತಿದಾಗ ನಾಲ್ವರ ಕೈಯೂ
ತಾವಾಗಿಯೇ ಸಂದಿಗೆ ಹೋದವು.

ಬಾಗಿಲಲ್ಲಿ ಚೀಲ ಹಿಡಿದು ಹೊಸ ಹುಡುಗಿ,
ನೇಪಾಳದವಳಿರಬೇಕು, ನನ್ನ ಹಳೆಯ ಏಪ್ರನ್ನಿನಲ್ಲಿ.
ಹತ್ತಿರ ಬಂದು ಮೆಲ್ಲಗೆ ಕೇಳಿದಳು:
ದೀದಿ, ಆ ಮರಿ ಮನೆ ಬಿಟ್ಟದ್ದು ಯಾಕೆ?