ತೂಕದ ಕಲ್ಲುಗಳು

ಮೂವತ್ತೆಂಟು ಕಲ್ಲು. ಎಣಿಸಿ ಸಹಿ ಹಾಕಿದವನು ನಾನೇ.
ಫ್ಯೋರ್ಡಿನ ಕೊನೆಯ ಹಟ್ಟಿಯಿಂದ ಟ್ರೊಮ್ಸೊದ ಗ್ಯಾಲರಿಗೆ
ವ್ಯಾನು ಓಡಿಸುವುದು ನನ್ನ ಕಸುಬು:
ಚಿತ್ರ, ಗಾಜು, ಒಮ್ಮೆ ಒಂದು ಪಿಯಾನೊ.
ಕಲ್ಲು ಹೊತ್ತದ್ದು ಇದೇ ಮೊದಲು.

"ಒಂದೊಂದಕ್ಕೂ ಅದರದರ ಜಾಗ ಉಂಟು," ಅಂದಳು ಓಲೌಗ್,
ಎಂಬತ್ತು ದಾಟಿದವಳು, ಕಾಲಲ್ಲಿ ಗಂಬೂಟು,
ಹಲ್ಲಿನ ನಡುವೆ ದಾರದ ತುದಿ.
"ಅದಲು ಬದಲಾದರೆ ಅದಕ್ಕೆ ಗೊತ್ತಾಗುತ್ತದೆ."
ಯಾವುದಕ್ಕೆ? ನಾನು ಕೇಳಲಿಲ್ಲ.

ಹಿಂದೆ ಕುರಿ ಕಟ್ಟುತ್ತಿದ್ದ ಕೋಣೆಯಲ್ಲಿ
ಗೋಡೆಗೊರಗಿದ ಎರಡು ಕಂಬ, ಮೇಲೊಂದು ತೊಲೆ,
ಅಷ್ಟೇ ಮಗ್ಗ.
ಕಾಲಿಳಿಬಿಡಲು ಕುಣಿಯಿಲ್ಲ, ತುಳಿಯಲು ಹಲಗೆಯಿಲ್ಲ, ಲಾಳಿಯಿಲ್ಲ.
ತೊಲೆಯಿಂದ ಇಳಿಬಿದ್ದ ಹಾಸು
ಕಲ್ಲಿನ ಭಾರಕ್ಕೆ ನೆಟ್ಟಗೆ ನಿಂತಿದೆ.
ಹೊಕ್ಕನ್ನು ಬೆರಳಲ್ಲೇ ತೂರಿಸಿ
ಮೇಲಕ್ಕೆ ಬಡಿಯುತ್ತಾಳೆ;
ನೇಯ್ದದ್ದು ನೆಲದ ಕಡೆಗೆ ಬೆಳೆಯುತ್ತದೆ, ಗಡ್ಡದ ಹಾಗೆ.

ಅವಳ ತಾಯಿ ಇದೇ ಮಗ್ಗದ ಮೇಲೆ
(ಇದೇ ಅಲ್ಲ, ಇಂಥದೇ)
ಕಂಬಳಿ ನೇಯುತ್ತಿದ್ದಳಂತೆ.
ಬೂದು ಪಟ್ಟೆ, ಬಿಳಿ ಪಟ್ಟೆ, ಅಂಚಿಗೆ ಕಪ್ಪು.
ದೋಣಿಯಲ್ಲಿ ಹೊದೆಯಲು, ಬಾಗಿಲಿಗೆ ತೂಗಲು,
ಸತ್ತವರ ಮೇಲೆ ಹಾಸಲು.
ಓಲೌಗ್ ನೇಯ್ದದ್ದಕ್ಕೆ ಪಟ್ಟೆಯೂ ಇಲ್ಲ, ಅಂಚೂ ಇಲ್ಲ.
ಎಳೆಗಳು ಮೊದಲು ಒತ್ತೊತ್ತಾಗಿ ಬಂದು
ನಡುವೆ ಉಬ್ಬಿ ಹೊಟ್ಟೆಯಾಗುತ್ತವೆ, ಒಳಕ್ಕೆ ಮಡಚಿ ಕಿವಿಯಾಗುತ್ತವೆ,
ಆಮೇಲೆ ಇದ್ದಕ್ಕಿದ್ದಂತೆ ಹೊಕ್ಕೇ ಇಲ್ಲ:
ಒಂದಾಳೆತ್ತರ ಬರೀ ಹಾಸು.
ಅದರ ಆಚೆ ಕಿಟಕಿ, ಕಿಟಕಿಯ ಆಚೆ ಕಡಲು,
ಗೆರೆ ಗೆರೆಯಾಗಿ ಸೀಳಿದ ಕಡಲು.

ನೆರೆಮನೆಯ ಹಾಲ್ವರ್ ಬಂದು ನೋಡಿ
"ಇದನ್ನು ಹೊದೆಯುವುದು ಹೇಗೆ?" ಅಂದನಂತೆ.
"ಹೊದೆಯಬೇಡ. ಎದುರಿಗೆ ನಿಲ್ಲು."
ನಿಂತನಂತೆ.
ಕಾಫಿ ಆರಿಹೋಯಿತಂತೆ.

ವ್ಯಾನಿನಲ್ಲಿ, ಎರಡನೆಯ ಸುರಂಗ ದಾಟಿದ ಮೇಲೆ,
ನಾನು ಕೇಳದೆಯೇ ಹೇಳಿದಳು:
ಯುದ್ಧ ಮುಗಿಯುವ ಮುಂಚಿನ ಚಳಿಗಾಲ
ಸೈನಿಕರು ಹಿಂದೆ ಸರಿಯುತ್ತ ಊರಿಗೆ ಊರೇ ಸುಟ್ಟರು. ನನಗೆ ಆರು ವರ್ಷ.
ಬೇಸಿಗೆಗೆ ಮರಳಿದರೆ ಮನೆಯ ಜಾಗದಲ್ಲಿ
ಒಲೆಯಿತ್ತು, ಬಾಗಿಲಿಲ್ಲದ ಬೀಗವಿತ್ತು,
ಬೂದಿಯಲ್ಲಿ ಸಾಲಾಗಿ ಕಲ್ಲು.
ತೊಲೆ ಉರಿದಿತ್ತು, ಉಣ್ಣೆ ಉರಿದಿತ್ತು,
ಇವು ಮಾತ್ರ ಬಿದ್ದಲ್ಲೇ, ಬಿದ್ದ ಕ್ರಮದಲ್ಲೇ
ಇಲ್ಲದ ನೂಲನ್ನು ಇನ್ನೂ ಜಗ್ಗುತ್ತಿದ್ದವು.
ಅಮ್ಮ ಒಂದೊಂದನ್ನೂ ಲಂಗಕ್ಕೆ ಒರೆಸಿ ನನ್ನ ಕೈಗಿಟ್ಟಳು.
ಬೈಯಲಿಲ್ಲ. ಅಳಲಿಲ್ಲ. ಎಣಿಸಿದಳು,
ಶಾಲೆಯಲ್ಲಿ ಆಡಿದರೆ ಪೆಟ್ಟು ಬೀಳುತ್ತಿದ್ದ
ನಮ್ಮ ಸಾಮಿ ನುಡಿಯಲ್ಲಿ, ಗಟ್ಟಿಯಾಗಿ.
ಒಂದು ಕಡಿಮೆ ಬಂತು.

ಆಮೇಲೆ ಟ್ರೊಮ್ಸೊದವರೆಗೂ ಮಾತಿಲ್ಲ.
ತಿರುವಿನಲ್ಲಿ ಹಿಂದುಗಡೆ ಪೆಟ್ಟಿಗೆಯೊಳಗೆ
ಅವು ಒಂದನ್ನೊಂದು ಮುಟ್ಟಿ ನೋಡಿಕೊಳ್ಳುತ್ತಿದ್ದವು.

ಚೀಟಿಯಲ್ಲಿ ಅಮೂರ್ತ ಶಿಲ್ಪ ಎಂದು ಬರೆದಿತ್ತು.
ಅಮೂರ್ತವನ್ನು ಎರಡು ಮಹಡಿ ಹತ್ತಿಸಿದ ನನ್ನ ಸೊಂಟಕ್ಕೆ
ಬೇರೆ ಅಭಿಪ್ರಾಯವಿದೆ.
ತೊಲೆ ಏರಿತು. ಉಣ್ಣೆ ಇಳಿಯಿತು. ಓಲೌಗ್ ಮಂಡಿಯೂರಿ
ಕಟ್ಟುತ್ತ ಬಂದಳು, ಒಂದು, ಇನ್ನೊಂದು;
ಪ್ರತಿ ಗಂಟಿಗೂ ಮೇಲೆ ಎಲ್ಲೋ
ಒಂದು ಮಡಿಕೆ ಉಸಿರೆಳೆದು ಬಿಗಿಯಾಯಿತು.
ನೇಯ್ಗೆಯನ್ನು ನಿಲ್ಲಿಸುವುದು ಕೈಯಲ್ಲ,
ನೆಲಕ್ಕೆ ಹೋಗಬೇಕೆಂಬ ಕಲ್ಲಿನ ಹಟ.
ಅದು ನನಗೆ ಅಲ್ಲಿ ತಿಳಿಯಿತು, ಸುತ್ತಿಗೆ ಹಿಡಿದು ನಿಂತಾಗ.

ಎಡದಿಂದ ಹನ್ನೊಂದನೆಯ ಹುರಿಗೆ ಕಲ್ಲಿಲ್ಲ.
ಸುರುಳಿ ಸುತ್ತಿಕೊಂಡು ತೂಗುತ್ತಿತ್ತು.
ಗ್ಯಾಲರಿಯ ಹುಡುಗಿ ಸಿನ್ನೆ ಕೆಳಗೆ ಓಡಿ
ಪಾರ್ಕಿಂಗ್ ಜಾಗದಿಂದ ಒಂದು ತಂದಳು,
ಸರಿಯಾದ ಗಾತ್ರ, ಸರಿಯಾದ ತೂಕ, ಒಳ್ಳೆಯ ಮನಸ್ಸು.
ಓಲೌಗ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು,
ಬಿಸಿಯಾಗುವವರೆಗೆ ಹಿಡಿದಿದ್ದು
ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

ಯಾರೋ ಬಾಗಿಲು ತೆರೆದರು.
ಮೂವತ್ತೆಂಟು ಅಲುಗಲಿಲ್ಲ.
ಆ ಒಂದು ಹುರಿ ಗಾಳಿಗೆ ತಿರುಗಿ
ನಮ್ಮನ್ನೆಲ್ಲ ಒಮ್ಮೆ ನೋಡಿ ಮತ್ತೆ ತಿರುಗಿತು.

ನನ್ನ ಫಾರಂನ ಕೊನೆಯ ಸಾಲು:
ಕೊರತೆ ಇದ್ದಲ್ಲಿ ನಮೂದಿಸಿ.
ಪೆನ್ನು ಹಿಡಿದು ಬಹಳ ಹೊತ್ತು ನಿಂತೆ.
ಖಾಲಿ ಬಿಟ್ಟೆ.