ಕಣ್ಣಿಗೆ ಕಾಣುವಷ್ಟು ಉಪ್ಪು

ವಾಲ್ಪರೈಸೊ. ಡಯಾಲಿಸಿಸ್ ವಾರ್ಡಿನ ನಾಲ್ಕನೇ ಕುರ್ಚಿ.
ಸೂಜಿ ಹಿಡಿದು ಬಗ್ಗಿದರೆ
ಎದುವಿಹಿಸ್ ಅಂಗಿಯ ತೋಳು ಇಳಿಸಿಕೊಂಡಳು:
'ಸಾಕು, ಹುಡುಗಿ.'

ನಿಲ್ಲಿಸಿದರೆ ಹತ್ತು ದಿನ, ಹೆಚ್ಚೆಂದರೆ ಹದಿನೈದು,
ಡಾಕ್ಟರು ಹೇಳಿದ್ದು ಮಗನಿಗೆ.
'ನನ್ನ ಮುಖ ನೋಡಿ ಹೇಳಿ' ಎಂದಳು,
ಮೂವತ್ತೊಂದು ವರ್ಷ
ಗುಡ್ಡ ಹತ್ತುವ ಹಳಿಗಾಡಿಯ ಬ್ರೇಕು ಹಿಡಿದಿದ್ದವಳು.

ಮಗ ಬೇಡಿದ, ಬೈದ,
ಹೊರಗೆ ಹೋಗಿ ಸಿಗರೇಟು ಹಚ್ಚಿದ.
ಕಾಗದ ತಂದೆ.
ಸಹಿ ಸೊಟ್ಟಗಿತ್ತು, ಆದರೆ ಅವಳದೇ.

ಗುರುವಾರ ಮನೆಗೆ ಹೋದೆ.
ಆರು ವರ್ಷ ನಾನೇ ಗದರಿ ಬಿಡಿಸಿದ್ದ ಬೆಣ್ಣೆಹಣ್ಣು
ಮಗ ಬ್ರೆಡ್ಡಿಗೆ ಬಳಿಯುತ್ತಿದ್ದ,
ಮೇಲೆ ಕಣ್ಣಿಗೆ ಕಾಣುವಷ್ಟು ಉಪ್ಪು.
'ಇನ್ನಷ್ಟು ಹಾಕು' ಎಂದಳು.
ಅವನು, ಅಭ್ಯಾಸಬಲ, ನನ್ನತ್ತ ನೋಡಿದ.
ನಾನು ಬಂದರಿನಲ್ಲಿ
ಯಾವುದೋ ಕ್ರೇನು ಪೆಟ್ಟಿಗೆ ಇಳಿಸುವುದನ್ನು ನೋಡುತ್ತಿದ್ದೆ.