ಒದ್ದ ಬಕೆಟ್

ಹಲ್ ಊರಿನ ಆಸ್ಪತ್ರೆ. ರಾತ್ರಿ ಪಾಳಿ.
ಏಳನೇ ಹಾಸಿಗೆಯ ಮುದುಕ ಬಕೆಟ್ ಒದ್ದ
ಅಂದಳು ನರ್ಸ್, ಇನ್ನೊಬ್ಬಳ ಕಿವಿಯಲ್ಲಿ.
ನನಗೂ ಕೇಳಿಸಿತು.
ಕೋಲು ಬಟ್ಟೆ ಹಿಡಿದು ಓಡಿದೆ
ಹಳದಿ ಫಲಕವನ್ನೂ ಮರೆಯದೆ:
ನೆಲ ಒದ್ದೆ, ಎಚ್ಚರ.

ನೆಲ ಒಣಗಿತ್ತು.
ನನ್ನ ಬಕೆಟ್ ಕಾರಿಡಾರಿನಲ್ಲಿ, ಇಟ್ಟಲ್ಲೇ,
ಒಂದು ಹನಿ ಚೆಲ್ಲದೆ ತುಂಬಿ ನಿಂತಿತ್ತು.
ಹೊದಿಕೆಯಾಚೆ ಚಾಚಿದ ಅವನ ಪಾದ
ಯಾವುದನ್ನೂ ಒದ್ದ ಹಾಗಿರಲಿಲ್ಲ.
ಸಂಜೆ ತಾನೆ ಕೇಳಿದ್ದ,
ಇವತ್ತು ಸೇತುವೆ ಕಾಣುತ್ತೇನಯ್ಯಾ ಅಂತ.
ಮಂಜು, ಕಾಣಲ್ಲ ಅಂದಿದ್ದೆ.

ಆದರೂ ಒರೆಸಿದೆ. ಬಂದಾಗಿತ್ತಲ್ಲ.

ಮಂಗಳವಾರ ಗ್ರಂಥಾಲಯದ ಹಿಂದಿನ ಕೋಣೆ,
ಹಲ್ಲು ಕಡಿಯುವ ಹೀಟರು.
‘ರೇಬ್ವಾರ್, ಬಕೆಟ್ಟೂ ಇಲ್ಲ, ಒದೆಯೂ ಇಲ್ಲ.
ಗೊಟಕ್ ಅಂದ ಅಂತ ಅರ್ಥ’
ಅಂದರು ಮಿಸೆಸ್ ಗಾರ್ಬಟ್.
‘ಇಂಥ ಮಾತು ಬಿಡಿಸಿ ನೋಡಬೇಡಿ. ಈರುಳ್ಳಿ.
ಬಿಡಿಸುತ್ತಾ ಹೋದರೆ ಒಳಗೇನೂ ಇರಲ್ಲ,
ಕಣ್ಣಲ್ಲಿ ನೀರಷ್ಟೆ.’

ಮೀನು ಕಾರ್ಖಾನೆಯ ಯುರ್ಗಿತಾ
ಎಷ್ಟು ತೊಳೆದರೂ ವಾಸನೆ ಬಿಡದ ಕೈಯಲ್ಲಿ
ಬರೆದುಕೊಂಡಳು: ಹವಾಮಾನದ ಕೆಳಗಿರುವುದು
ಅಂದರೆ ಮೈ ಸರಿಯಿಲ್ಲದಿರುವುದು.
‘ಹಾಗಾದರೆ ಹವಾಮಾನದ ಮೇಲಿರುವವರು?’
‘ಪೈಲಟ್ಟು’ ಅಂದೆ.
ಯಾರೂ ನಗಲಿಲ್ಲ.
ಗಾರ್ಬಟ್ ನಕ್ಕರು, ತುಸು ತಡವಾಗಿ.

ಕಾಲು ಮುರಿದುಕೋ ಅಂದರೆ ಒಳ್ಳೆಯದಾಗಲಿ ಎಂದಂತೆ.
ನಾಟಕದವರಿಗೆ ಹೇಳಬಹುದು.
ಮೂಳೆ ವಾರ್ಡಿನಲ್ಲಿ ಹೇಳಬೇಡ, ರೇಬ್ವಾರ್.
ಇಲ್ಲ ಮಿಸೆಸ್, ಹೇಳಲ್ಲ.

ಮಾರ್ಚಿಯಲ್ಲಿ ಎರಡು ವಾರ ಬಾಗಿಲಿಗೆ ಬೀಗ,
ಅಂಟಿಸಿದ ಚೀಟಿ: ಕ್ಲಿಫರ್ಡ್ ಗಾರ್ಬಟ್, ಎಪ್ಪತ್ತೊಂಬತ್ತು.
ಮೂರನೇ ವಾರ ಬಂದರು,
ಕೋಟಿನ ಗುಂಡಿ ಒಂದು ಮನೆ ತಪ್ಪಿ.
ಬಸ್ಸಿನುದ್ದಕ್ಕೂ ಕಂಠಪಾಠ ಮಾಡಿದ್ದನ್ನು
ಎದ್ದು ನಿಂತು ಒಪ್ಪಿಸಿದೆ:
ನಿಮ್ಮ ಯಜಮಾನರು ಬಕೆಟ್ ಒದ್ದರಂತೆ,
ಬಹಳ ದುಃಖವಾಯಿತು.

ಕರ್ತೃ ಸರಿ. ಕಾಲ ಸರಿ. ಉಚ್ಚಾರ ಕೂಡ.
ಮೇಜಿನಡಿ ಯುರ್ಗಿತಾ ನನ್ನ ಕಾಲಿಗೆ ಒದ್ದಳು.

ಅವರು ಬೋರ್ಡಿನ ಕಡೆ ತಿರುಗಿದರು.
ಬಹಳ ಹೊತ್ತು ಏನೂ ಬರೆಯಲಿಲ್ಲ.
ಹೆಗಲು ಕುಲುಕುತ್ತಿತ್ತು.
ಹಿಂದಿನಿಂದ ನೋಡಿದರೆ
ನಗುವೂ ಅಳುವೂ ಒಂದೇ ಥರ.
ಆಮೇಲೆ ಎರಡು ಸಾಲು:
ಅರ್ಥ, ಸರಿ.
ಜಾಗ, ತಪ್ಪು.
‘ಅವನು ಇದ್ದಿದ್ದರೆ’ ಅಂದರು ಮುಖ ಒರೆಸಿಕೊಂಡು,
‘ಪಬ್ಬಿನಲ್ಲಿ ವಾರಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದ.
ಒಂದು ಲೋಟ ಟೀ ತಂದುಕೊಡ್ತೀಯಾ?’

‘ಸರ್‌ಚಾವ್’ ಅಂದುಬಿಟ್ಟೆ.
ನಾಲಿಗೆ ತನ್ನ ಮನೆಗೆ ಓಡಿಹೋಗಿತ್ತು.
ಕಣ್ಣ ಮೇಲೆ ಅಂತ ಅದರ ಅರ್ಥ,
ಅಮ್ಮ ಸುಲೈಮಾನಿಯಲ್ಲಿ
ಉಪ್ಪು ಕೇಳಿ ಬಂದವರಿಗೂ ಹೇಳುತ್ತಿದ್ದದ್ದು.

ಯಾವ ಕಣ್ಣು, ಯಾಕೆ ಮೇಲೆ,
ಅವರು ಕೇಳಲಿಲ್ಲ.
ಬಿಡಿಸಿ ನೋಡದೆ
ತಲೆಯಾಡಿಸಿದರು.
ಸಕ್ಕರೆ ಎಷ್ಟು ಅಂತ ಕೇಳಲು ಮರೆತು
ನಾನು ಮೂರು ಚಮಚ ಹಾಕಿದೆ.